ದಯವಿಟ್ಟು ಗಮನೆಸಿ

ತಲೆಬರಹದಲ್ಲೇ ಅಕ್ಷರದೋಷ ಇದೆ ಅಂತ ಸಂಪಾದಕ ಮಂಡಳಿಗೆ ಮೆಸೇಜ್ ಹಾಕಲು ಹೊರಟವರು ಎರಡು ನಿಮಿಷ ತಡೀರಿ. ಆ ಮಂಡಳಿಯಲ್ಲಿ ನಾನೂ ಇದ್ದೇನೆ. ತಪ್ಪು ನನ್ನದೇ. ಸುಮಾರು ಮೂರು ವಾರ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲೆಲ್ಲಾ ಈ ಪದ ಹೀಗೇ ಇತ್ತು. ಗಮನೆಸಿ, ಗಮನೆಸಬೇಕು, ಗಮನೆಸಿದರೆ. ಯಾರೂ ಗಮನೆಸಲಿಲ್ಲ. ಅಂದರೆ ಹಳೆಯ ಸಂಚಿಕೆಗಳನ್ನು ಯಾರೂ ಓದುತ್ತಿರಲಿಲ್ಲ ಅಂತಾಯ್ತು, ಅದು ಬೇರೆ ದುಃಖ.

ಓದಿದವರು ಒಬ್ಬರೇ. ಅವರಿಂದ ಸಂಘದ ಇಮೇಲ್‌ಗೆ ಎರಡು ಸಾಲಿನ ಪತ್ರ ಬಂತು. "2006ರ ಸಂಚಿಕೆಯಲ್ಲಿ ನನ್ನದೊಂದು ಲೇಖನ ಇದೆ. ಅದರೊಳಗ ನಮ್ಮವ್ವನ ಮಾತು ತಿದ್ದಿದವರು ಯಾರು ಅಂತ ತಿಳಿಸಿದರ ಉಪಕಾರ ಆಗತದ."

ತಿದ್ದಿದವರು ಯಾರು ಅನ್ನೋದಕ್ಕೆ ನೇರ ಉತ್ತರ ಕೊಡೋಕೆ ನನಗೆ ಎರಡು ದಿನ ಬೇಕಾಯ್ತು. ಏಜೆಂಟ್ ತಿದ್ದಿತು ಅಂತ ಬರೆದು ಅಳಿಸಿದೆ. ನಮ್ಮ ಟೂಲ್‌ನಲ್ಲಿ ತೊಂದರೆಯಾಯ್ತು ಅಂತ ಬರೆದು ಅದನ್ನೂ ಅಳಿಸಿದೆ. ಕೊನೆಗೆ ಕಳಿಸಿದ್ದು, "ನಾನು ಸರ್, ಏಳನೇ ಸೆಮಿಸ್ಟರ್, ಇನ್ಫರ್ಮೇಷನ್ ಸೈನ್ಸ್. ಫೋನ್ ಮಾಡಬಹುದಾ?"

ಶುರುವಿನಿಂದ ಹೇಳ್ತೀನಿ.

ಸಂಘದ ಕೋಣೆಯ ಕಬ್ಬಿಣದ ಬೀರು ನೋಡಿದವರಿಗೆ ಗೊತ್ತು. ಕೆಳಗಿನ ಅರೆಯಲ್ಲಿ ರಾಜ್ಯೋತ್ಸವದ ಬಾವುಟ, ಡೊಳ್ಳಿನ ಕೋಲು. ಮೇಲಿನ ಅರೆಯಲ್ಲಿ ಹಳೆಯ ಸಂಚಿಕೆಗಳು. 2011ರಿಂದ ಈಚಿನವು ಒಂದು ಹಾರ್ಡ್ ಡಿಸ್ಕ್‌ನಲ್ಲಿ ನುಡಿ ಫೈಲ್‌ಗಳಾಗಿ ಸಿಕ್ಕವು. ಅದಕ್ಕೂ ಹಿಂದಿನವು ಬರೀ ಅಚ್ಚಿನ ಪ್ರತಿ, ಅದೂ ಒಂದೊಂದೇ, ಲೈಬ್ರರಿಯವರು ಎರಡೆರಡು ವರ್ಷದ್ದನ್ನು ಸೇರಿಸಿ ಬೈಂಡ್ ಮಾಡಿಸಿದ್ದು. ಎಲ್ಲವನ್ನೂ ಯುನಿಕೋಡ್‌ಗೆ ತಂದು ಆನ್‌ಲೈನ್ ಹಾಕೋಣ ಅಂತ ಈ ವರ್ಷದ ಮೊದಲ ಮೀಟಿಂಗ್‌ನಲ್ಲಿ ಕೈ ಎತ್ತಿದ್ದು ನಾನೇ. ಒಟ್ಟು 312 ಬರಹ.

ಹಳೆಯ ನುಡಿ ಫೈಲ್ ತೆರೆದು ನೋಡದವರಿಗೆ ಒಂದು ಮಾತು. ಅದರಲ್ಲಿ ಇರುವುದು ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚೂರುಗಳನ್ನು ಬರೆದ ಫಾಂಟ್ ಅದು. ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ತಲೆ ಮೇಲೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತೆ. ಯುನಿಕೋಡ್‌ಗೆ ತರುವಾಗ ಬರೀ ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಸಾಲದು, ಜಾಗವನ್ನೂ ಬದಲಿಸಬೇಕು. ಅರ್ಕಾವತ್ತು ಕಣ್ಣಿಗೆ ಕಾಣೋದು ಅಕ್ಷರದ ಬಲಕ್ಕೆ, ನುಡಿ ಫೈಲ್ ಅದನ್ನು ಅಲ್ಲೇ ಇಟ್ಟಿರುತ್ತೆ. ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ನಾವು ಉಚ್ಚರಿಸುವ ಹಾಗೆ. ಈ ಕೆಲಸಕ್ಕೆ ಪರಿವರ್ತಕಗಳು ಮೊದಲಿಂದಲೂ ಇವೆ, ಅದೇನು ನಮ್ಮ ಸಾಹಸ ಅಲ್ಲ. ಅಚ್ಚಿನ ಸಂಚಿಕೆಗಳನ್ನು ಫೋನಲ್ಲಿ ಫೋಟೋ ತೆಗೆದು ಓಸಿಆರ್ ಮಾಡಿದೆವು. ಆರು ಜನ ಫಸ್ಟ್ ಇಯರ್ ಮಕ್ಕಳು ಲ್ಯಾಬ್‌ನಲ್ಲಿ ಕೂತು ಒಂದು ತಿಂಗಳು ಅದನ್ನು ಅಚ್ಚಿನೊಂದಿಗೆ ಹೋಲಿಸಿ ಸರಿಮಾಡಿದರು. ಆ ಒಂದು ತಿಂಗಳನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಉಳಿದದ್ದೇ ಚಿಲ್ಲರೆ ಕೆಲಸ, 312 ಫೈಲ್‌ಗಳಲ್ಲಿ ಹರಡಿದ ಚಿಲ್ಲರೆ. ಇಲ್ಲಿಗೆ ಬಂದವನು ಐದನೇ ಸೆಮ್‌ನ ನಮ್ಮ ಮಂಡ್ಯದ ಹುಡುಗ.

"ಅಕ್ಕ, ಏಜೆಂಟ್‌ಗೆ ಒಂದೊಂದೇ ಫೈಲ್ ತೆಗ್ದು ತಿದ್ದು ಅಂದ್ರೆ ನಮ್ಮ ಕೋಟಾ ಮೂರ್ ದಿನಕ್ಕೆ ಖಾಲಿ. ಒಂದೇ ಏಟ್ಗೆ ಎಲ್ಲಾನೂ ತಿದ್ದೋ ಟೂಲ್ ನಾನೇ ಬರ್ಕೊಡ್ತೀನಿ."

ಅವನು ಹೇಳಿದ್ದು ನಿಜ. ಚಾಟ್‌ಬಾಟ್ ಉತ್ತರ ಹೇಳಿ ಸುಮ್ಮನಾಗುತ್ತೆ. ಏಜೆಂಟ್ ಅಂದರೆ ಅದೇ ಭಾಷಾ ಮಾದರಿಗೆ ಕೈ ಕೊಟ್ಟ ಹಾಗೆ. ಫೈಲ್ ತೆರೆಯೋಕೆ ಒಂದು ಟೂಲ್, ಬರೆಯೋಕೆ ಇನ್ನೊಂದು. ಮಾದರಿ ಯಾವ ಟೂಲ್ ಬೇಕು ಅಂತ ಹೇಳುತ್ತೆ, ನಮ್ಮ ಕಂಪ್ಯೂಟರ್ ಅದನ್ನು ಓಡಿಸಿ ಫಲಿತಾಂಶ ವಾಪಸ್ ಕೊಡುತ್ತೆ. ಪ್ರತಿ ಸಲವೂ ಅಲ್ಲಿವರೆಗಿನ ಮಾತುಕತೆಯನ್ನೆಲ್ಲ ಮಾದರಿ ಮತ್ತೆ ಓದಬೇಕು, ಆದ್ದರಿಂದ ಮುನ್ನೂರು ಫೈಲ್‌ಗೆ ಒಂದೊಂದೇ ತಿದ್ದುಪಡಿ ಅಂದರೆ ಖರ್ಚು ಬೆಟ್ಟವಾಗುತ್ತೆ. 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಅನ್ನೋ ಮುಕ್ತ ನಿಯಮಾವಳಿ ಬಂದ ಮೇಲೆ ಇಂಥ ಟೂಲ್‌ಗಳನ್ನು ನಾವೇ ಬರೆದು ಏಜೆಂಟ್‌ಗೆ ಜೋಡಿಸೋದು ಎರಡು ಸಂಜೆಯ ಕೆಲಸ.

ಅವನು ಬರೆದ ಟೂಲ್ ಸರಳ. "ಹಳೆಯದು, ಹೊಸದು" ಅಂತ ಜೋಡಿಗಳ ಒಂದು ಪಟ್ಟಿ, ಮತ್ತೆ ಒಂದು ಫೋಲ್ಡರ್. ಏಜೆಂಟ್ ಒಂದೇ ಸಲ ಕರೆದರೆ ಎಲ್ಲ ಫೈಲ್‌ನಲ್ಲೂ ಎಲ್ಲ ಜೋಡಿಯೂ ಓಡುತ್ತೆ. ಅದಕ್ಕೆ ಎಡೆಕುಂಟೆ ಅಂತ ಹೆಸರಿಟ್ಟ. ಸಾಲಿನ ಮಧ್ಯೆ ಹೊಡೆದರೆ ಕಳೆ ಮಾತ್ರ ಕೀಳುತ್ತೆ, ಪೈರಿಗೆ ಏನೂ ಆಗಲ್ಲ ಅಂತ. ನಮ್ಮಪ್ಪ ಎಡೆಕುಂಟೆ ಹೊಡೆಯೋದನ್ನು ನೋಡಿದವಳು ನಾನು. ಪೈರಿಗೆ ಏನೂ ಆಗದಿರೋದಕ್ಕೆ ಕಾರಣ ಕುಂಟೆ ಅಲ್ಲ, ಹಿಂದೆ ನಡೆಯೋ ಮನುಷ್ಯ. ಇದು ಆಗ ಹೊಳೆಯಲಿಲ್ಲ.

ಮೊದಲ ಸುತ್ತು ಎಷ್ಟು ಚೆನ್ನಾಗಿ ಹೋಯ್ತು ಅಂದರೆ, ಅದೇ ನಮ್ಮನ್ನು ಹಾಳುಮಾಡಿದ್ದು. ಸೊನ್ನೆಯ ಕಥೆ ತಗೊಳ್ಳಿ. ಕನ್ನಡದ ಅಂಕಿ ೦ ಮತ್ತು ಅನುಸ್ವಾರದ ಸೊನ್ನೆ ನೋಡೋಕೆ ಒಂದೇ, ಯುನಿಕೋಡ್‌ನಲ್ಲಿ ಬೇರೆ ಬೇರೆ. "ಬೆ೦ಗಳೂರು" ಅಂತ ಅಂಕಿ ಹಾಕಿ ಟೈಪ್ ಮಾಡಿದವರು ನಮ್ಮಲ್ಲಿ ಎಷ್ಟು ಜನ! ಕಣ್ಣಿಗೆ ಸರಿಯಾಗೇ ಕಾಣುತ್ತೆ, ಹುಡುಕಿದರೆ ಸಿಗಲ್ಲ. ಇನ್ನು ಓಕಾರ. ಇದನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಒಂದು ಫೈಲ್‌ನ "ಹೋಗು" ಇನ್ನೊಂದು ಫೈಲ್‌ನ "ಹೋಗು"ವಿಗೆ ಸಮ ಅಲ್ಲ. ಸಾಫ್ಟ್‌ವೇರ್ ಅನ್ನೋ ಪದದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತೆ, ಟಕಾರದ ಕೆಳಗೆ ವಕಾರ ಒತ್ತಾಗಿ ಹೋಗದಂತೆ ತಡೆಯೋಕೆ. ಅದು ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ಡಾಕ್ಸ್ ಫೈಲ್‌ಗಳದ್ದು ಮತ್ತೊಂದು ತರಲೆ. ಡಾಕ್ಸ್ ಅಂದರೆ ಜಿಪ್ ಮಾಡಿದ ಎಕ್ಸ್‌ಎಂಎಲ್ ಕಟ್ಟು ತಾನೇ? ಒಂದೇ ಪದದ ಅರ್ಧ ಒಂದು ತುಂಡಲ್ಲಿ, ಇನ್ನರ್ಧ ಮುಂದಿನ ತುಂಡಲ್ಲಿ ಕೂತಿರುತ್ತೆ, ಬದಲಿಸೋಕೆ ಹೋದರೆ ಪದವೇ ಇಲ್ಲ ಅನ್ನುತ್ತೆ. ಅವನ್ನೆಲ್ಲ ಪ್ಯಾನ್‌ಡಾಕ್‌ನಿಂದ ಮೊದಲು ಸಾದಾ ಪಠ್ಯ ಮಾಡಿಕೊಂಡೆವು. ಇಷ್ಟನ್ನೂ ಏಜೆಂಟ್ ತಾನೇ ಹುಡುಕಿ, ಪಟ್ಟಿ ಮಾಡಿ, ಎಡೆಕುಂಟೆ ಹೊಡೆದು, ಎಷ್ಟು ಕಡೆ ಬದಲಾಯ್ತು ಅಂತ ಲೆಕ್ಕ ಒಪ್ಪಿಸಿತು. ಹತ್ತು ನಿಮಿಷ. ಆವತ್ತು ರಾತ್ರಿ ಗೇಟ್ ಹೊರಗಿನ ಗಾಡಿಯಲ್ಲಿ ಇಬ್ಬರೂ ಎರಡೆರಡು ಪ್ಲೇಟ್ ಮಸಾಲೆ ಪುರಿ ತಿಂದೆವು.

ಎರಡನೇ ಸುತ್ತಿಗೆ ನಾನು ಬರೆದ ಸೂಚನೆ ಇನ್ನೂ ಫೈಲ್‌ನಲ್ಲಿದೆ. ಯಥಾವತ್ತು ಕೊಡ್ತೀನಿ: "ಎಲ್ಲ ಬರಹಗಳಲ್ಲಿ ಕಾಗುಣಿತ ತಪ್ಪು ಸರಿಪಡಿಸು. ಎಲ್ಲ ಸಂಚಿಕೆಗಳ ಭಾಷೆ ಒಂದೇ ರೀತಿ ಇರಲಿ. ಮಾದರಿಗೆ ಈ ಎರಡು ಲೇಖನ ನೋಡು." ಆ ಎರಡು ಲೇಖನ ಯಾರವು ಅಂತ ಕೇಳಬೇಡಿ. ನನ್ನವೇ.

ಟೂಲ್ ಮೊದಲು ಸುಮ್ಮನೆ ಒಪ್ಪಲಿಲ್ಲ, ಅದನ್ನೂ ಹೇಳಬೇಕು. ಹುಡುಗ ಅದನ್ನು ಕಟ್ಟುನಿಟ್ಟಾಗಿ ಬರೆದಿದ್ದ. ಹಳೆಯ ಪದ ಫೈಲ್‌ನಲ್ಲಿ ಒಂದೇ ಕಡೆ ಇದ್ದರೆ ಮಾತ್ರ ಬದಲಿಸುತ್ತೆ. ಹೆಚ್ಚು ಕಡೆ ಇದ್ದರೆ "14 ಕಡೆ ಇದೆ, ಯಾವುದು?" ಅಂತ ನಿಂತುಬಿಡುತ್ತೆ. ಒಂದು ಜೋಡಿ ಸೋತರೂ ಇಡೀ ಪಟ್ಟಿಯನ್ನು ಬಿಟ್ಟುಬಿಡುತ್ತೆ, ಅರ್ಧಂಬರ್ಧ ತಿದ್ದೋದಿಲ್ಲ. ಏಜೆಂಟ್‌ಗಳ ಜೊತೆ ಬರುವ ತಿದ್ದುವ ಟೂಲ್‌ಗಳು ಸಾಮಾನ್ಯವಾಗಿ ಹೀಗೇ ಹಟ ಮಾಡೋದು, ಅದಕ್ಕೆ ಕಾರಣವೂ ಇದೆ. ನನಗೆ ರೇಗಿತು. "ಎಲ್ಲ ಕಡೆ ಬದಲಿಸು ಅಂತ ಒಂದು ಆಯ್ಕೆ ಹಾಕೋ" ಅಂದೆ. ಹಾಕಿದ.

ಏಜೆಂಟ್ 340 ಜೋಡಿಗಳ ಪಟ್ಟಿ ಮಾಡಿ, ಒಪ್ಪಿಗೆ ಕೇಳಿತು. ನಾನು ಓದಿದ್ದು ಮೊದಲ ಇಪ್ಪತ್ತೋ ಇಪ್ಪತ್ತೈದೋ. ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳು, "ವಿದ್ಯಾರ್ತಿ", "ಸಂಭಂಧ", ಎಲ್ಲ ಸರಿಯಾದವೇ. ಸ್ವಲ್ಪ ಕೆಳಗೆ "ಮನಿ → ಮನೆ" ಅಂತ ಇತ್ತು. ಅದನ್ನು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ನೋಡಿ, ಹೌದು ತಪ್ಪು ಅಂದುಕೊಂಡೆ. ಒಪ್ಪಿಗೆ ಒತ್ತಿದೆ.

ನಾನು ತಿಪಟೂರಿನ ಕಡೆಯವಳು. ಅದು ತಪ್ಪು ಅಂತ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಹಾಸ್ಟೆಲ್‌ನಲ್ಲಿ ಮೂರು ವರ್ಷದಿಂದ ನನ್ನ ರೂಮ್‌ಮೇಟ್ ಗದಗಿನವಳು, ದಿನಾ "ಮನಿಗೆ ಫೋನ್ ಮಾಡ್ಬೇಕು" ಅಂತಾಳೆ. ಕಿವಿಗೆ ಅದು ಚಂದ. ಆದರೆ ಅಕ್ಷರದಲ್ಲಿ ಕಂಡ ಕೂಡಲೇ ತಪ್ಪು. ಈ ಎರಡೂ ನನ್ನೊಳಗೆ ಜಗಳವಾಡದೆ ಅಕ್ಕಪಕ್ಕ ಕೂತಿದ್ದವು.

ಪತ್ರ ಬಂದ ಮೇಲೆ 2006ರ ಆ ಲೇಖನ ತೆರೆದೆ. ತಲೆಬರಹವೇ "ಮನೆಆರ್ಡರ್".

ಹೊಟ್ಟೆ ತೊಳಸಿದ ಹಾಗಾಯ್ತು. ಮನಿ ಅನ್ನೋ ಮೂರು ಸಂಕೇತ ಎಲ್ಲೆಲ್ಲಿ ಸಾಲಾಗಿ ಬಂದಿದೆಯೋ ಅಲ್ಲೆಲ್ಲ ಮನೆ ಆಗಿತ್ತು. ಮನಿಆರ್ಡರ್ ಒಂದೇ ಅಲ್ಲ, ಗಮನಿಸಿ ಒಳಗೂ ಮನಿ ಇದೆ. ನಾನು ನಕ್ಕೆ, ನಿಜ ಹೇಳಬೇಕಂದರೆ. ಪಕ್ಕದಲ್ಲಿದ್ದ ಹುಡುಗನೂ ನಕ್ಕ. ಆಮೇಲೆ ಲೇಖನ ಓದಿದೆ.

ಬಾದಾಮಿ ಕಡೆಯ ಹಳ್ಳಿಯೊಂದರ ಹುಡುಗ, ನಮ್ಮದೇ ಹಾಸ್ಟೆಲ್‌ನಲ್ಲಿದ್ದವರು. ಅವರ ಮನೆಗೆ ಆಗಿನ್ನೂ ಫೋನ್ ಬಂದಿರಲಿಲ್ಲ. ತಾಯಿ ತಿಂಗಳಿಗೆ 500 ರೂಪಾಯಿ ಮನಿಆರ್ಡರ್ ಮಾಡುತ್ತಿದ್ದರು. ಈಗಿನ ಮಕ್ಕಳಿಗೆ ಗೊತ್ತಿಲ್ಲದಿರಬಹುದು, ಹಳೆಯ ಮಾದರಿಯ ಮನಿಆರ್ಡರ್ 2015ರಲ್ಲೇ ನಿಂತಿತು. ಆ ಫಾರಂನ ಕೆಳಗೆ ಹರಿದುಕೊಳ್ಳುವಂಥ ಒಂದು ತುಂಡು ಇರುತ್ತಿತ್ತು, ಹಣ ಕಳಿಸಿದವರು ಅದರಲ್ಲಿ ನಾಲ್ಕು ಸಾಲು ಬರೆಯಬಹುದು. ತಾಯಿಗೆ ಓದು ಬರಹ ಇಲ್ಲ. ಪೋಸ್ಟಿನವರು ಬರೆದುಕೊಡುತ್ತಿದ್ದರು. ಹೀಗೆ: "ಚಿರಂಜೀವಿಗೆ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ರೂ. 500 ಕಳುಹಿಸಿದ್ದೇನೆ." ಪ್ರತಿ ತಿಂಗಳೂ ಅದೇ. ಹುಡುಗ ಅದನ್ನು ಹಿಡಿದು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು, ಅವ್ವ ಕೌಂಟರಿನ ಆಚೆ ನಿಂತು ನಿಜವಾಗಿ ಏನು ಹೇಳಿರಬಹುದು ಅಂತ ಊಹಿಸಿಕೊಳ್ಳುತ್ತಿದ್ದರಂತೆ. ಆ ಊಹೆಯೇ ಲೇಖನ. ಒಂದು ಕಡೆ ಪೋಸ್ಟಿನವರ ಸಾಲು, ಅದರ ಕೆಳಗೆ ಅವ್ವನ ಮಾತು, ಮತ್ತೆ ಪೋಸ್ಟಿನವರ ಸಾಲು, ಮತ್ತೆ ಅವ್ವ.

ಅಚ್ಚಿನಲ್ಲಿ ಅವ್ವ ಹೇಳಿದ್ದು ಹೀಗಿತ್ತು: "ಯಪ್ಪಾ, ರೊಕ್ಕಾ ಕಳಿಸೇನಿ. ಹೊಟ್ಟಿಗಿ ಕಡಿಮಿ ಮಾಡ್ಕೋಬ್ಯಾಡ. ಮನಿ ಚಿಂತಿ ಬಿಡು. ಎಮ್ಮಿ ಈದೈತಿ."

ನಾವು ಆನ್‌ಲೈನ್ ಹಾಕಿದ್ದು: "ಅಪ್ಪಾ, ಹಣ ಕಳಿಸಿದ್ದೇನೆ. ಹೊಟ್ಟೆಗೆ ಕಡಿಮೆ ಮಾಡಿಕೊಳ್ಳಬೇಡ. ಮನೆ ಚಿಂತೆ ಬಿಡು. ಎಮ್ಮೆ ಈದಿದೆ."

ಒಂದೂ ಕಾಗುಣಿತ ತಪ್ಪಿಲ್ಲ. ಇಡೀ ಲೇಖನದಲ್ಲಿ ಈಗ ಒಬ್ಬರೇ ಮಾತಾಡುತ್ತಿದ್ದರು, ಪೋಸ್ಟಿನವರು.

ಗಿಟ್‌ನಲ್ಲಿ ಹಿಂದಕ್ಕೆ ಹೋಗಬಹುದಲ್ವಾ ಅಂತ ನಮ್ಮ ಕಾಲೇಜಿನ ಯಾರಾದರೂ ಕೇಳೇ ಕೇಳ್ತೀರಿ. ನಾನೂ ಮೊದಲು ಅಲ್ಲಿಗೇ ಓಡಿದ್ದು. ಆದರೆ ಎಲ್ಲ ಚೊಕ್ಕಟ ಆದ ಮೇಲೆ ರೆಪೊಸಿಟರಿ ಶುರುಮಾಡೋಣ ಅಂತ ನಾನೇ ಹೇಳಿದ್ದೆ. ಮೊದಲ ಕಮಿಟ್‌ನಲ್ಲೇ ತಿದ್ದಿದ ಪಠ್ಯ. ಎಡೆಕುಂಟೆ ಪ್ರತಿ ಸಲ ಓಡುವ ಮುಂಚೆ ಹಳೆಯ ಫೈಲ್‌ನ ನಕಲು ಇಡುತ್ತಿತ್ತು, ಆದರೆ ಒಂದೇ ಹೆಸರಲ್ಲಿ. ಎರಡನೇ ಸುತ್ತಿನ ಮೇಲೆ ಸಣ್ಣಪುಟ್ಟದ್ದಕ್ಕೆ ಅಂತ ಮೂರನೇ ಸುತ್ತು ಓಡಿಸಿದಾಗ ಆ ನಕಲಿನ ಮೇಲೂ ತಿದ್ದಿದ್ದೇ ಕೂತಿತು. ಲ್ಯಾಬ್ ಮಶೀನ್‌ಗಳು ರೀಸ್ಟಾರ್ಟ್ ಆದರೆ ಎಲ್ಲ ಅಳಿಸಿಕೊಳ್ಳುವಂಥವು. ಮಕ್ಕಳು ಬಳಸಿದ ಪೆನ್‌ಡ್ರೈವ್ ಫೆಸ್ಟ್ ಫೋಟೋಗಳಿಗೆ ಅಂತ ಫಾರ್ಮ್ಯಾಟ್ ಆಗಿತ್ತು. ನುಡಿ ಫೈಲ್ ಇದ್ದ ಸಂಚಿಕೆಗಳನ್ನು ಮತ್ತೆ ಪರಿವರ್ತಿಸಬಹುದಿತ್ತು. 2011ರ ಹಿಂದಿನವಕ್ಕೆ ಆರು ಮಕ್ಕಳ ಒಂದು ತಿಂಗಳು ಹೋಗಿತ್ತು. ಅವರಿಗೆ ಅದನ್ನು ಹೇಳಿದ ಸಂಜೆಯ ಬಗ್ಗೆ ಇಲ್ಲಿ ಬರೆಯಲ್ಲ.

ಇನ್ನೊಂದು ವಿಷಯ ಬರೆಯಲೇಬೇಕು. ಏಜೆಂಟ್ ಕೊನೆಗೆ ಕೊಟ್ಟ ವರದಿಯನ್ನು ಆವಾಗ ಪೂರ್ತಿ ಓದಿದೆ. ಕೆಳಗೆ, ಬಹಳ ಕೆಳಗೆ ಒಂದು ಸಾಲಿತ್ತು. ಕೆಲವು ಪದಗಳು ಪ್ರಾದೇಶಿಕ ರೂಪಗಳಂತೆ ಕಾಣುತ್ತವೆ, ಭಾಷೆ ಒಂದೇ ರೀತಿ ಇರಲಿ ಎಂಬ ಸೂಚನೆಯಂತೆ ಅವನ್ನೂ ಬದಲಿಸಿದೆ, ಬೇಡವಾದರೆ ತಿಳಿಸಿ ಅಂತ. ಅದು ಕೇಳಿತ್ತು. ನಾನು ಮಸಾಲೆ ಪುರಿ ತಿನ್ನೋಕೆ ಹೋಗಿದ್ದೆ. ಆಮೇಲೆ ಪಟ್ಟಿಯನ್ನು ಒಂದೊಂದಾಗಿ ನೋಡಿದಾಗ ಇನ್ನೊಂದು ಕಾಣಿಸಿತು. "ಮಾಡ್ತಿದೀನಿ", "ಗೊತ್ತಿಲ್ವಾ", "ಹೋಗ್ಬಿಟ್ಟ", ಇಂಥವನ್ನು ಅದು ಮುಟ್ಟಿರಲೇ ಇಲ್ಲ. "ಹೊಂಟೇನಿ", "ಆಕಿ", "ಭಾಳ", "ಮ್ಯಾಲ" ಎಲ್ಲ ಹೋಗಿದ್ದವು. ಯಾಕಂದರೆ ಮಾದರಿ ಅಂತ ಕೊಟ್ಟಿದ್ದ ನನ್ನ ಎರಡು ಲೇಖನಗಳಲ್ಲಿ ನಾನು "ಮಾಡ್ತಿದೀನಿ" ಅಂತಲೇ ಬರೆಯೋದು. ನನ್ನ ಆಡುಮಾತು ಶೈಲಿ, ಅವರ ಆಡುಮಾತು ದೋಷ.

ಸಂಘದ ಮೇಡಂಗೆ ಇದನ್ನು ತೋರಿಸಿದೆವು. ಅವರು ನಮಗೆ ಸಾಂಸ್ಕೃತಿಕ ಕನ್ನಡ ಪಾಠ ಮಾಡಿದವರು. ಬೈತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು, "ದೇವನೂರ ಮಹಾದೇವ ಅವರ ಕುಸುಮಬಾಲೆಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1990ರಲ್ಲಿ. ಅದನ್ನ ನಿಮ್ಮ ಕುಂಟೆಗೆ ಕೊಟ್ಟಿದ್ರೆ ಏನ್ ಉಳೀತಿತ್ತಮ್ಮ?" ಅಂದರು. ಆಮೇಲೆ ಒಂದು ಕಷ್ಟದ ಪ್ರಶ್ನೆಯನ್ನೂ ಕೇಳಿದರು. 2014ರ ಸಂಚಿಕೆಯಲ್ಲಿ ಒಬ್ಬ ಹುಡುಗ "ಆಡು ಕೇಳುತ್ತಾ ಕೂತಿದ್ದೆ" ಅಂತ ಬರೆದಿದ್ದಾನೆ. ಹಾಡು ಅನ್ನೋಕೆ ಆಡು. ಅದು ಅವನ ಊರಿನ ಮಾತೋ, ಟೈಪಿಂಗ್ ತಪ್ಪೋ? ಸುತ್ತಲಿನ ಗದ್ಯವೆಲ್ಲ ಗ್ರಂಥಭಾಷೆ. ಮಂಡ್ಯದ ಹುಡುಗ "ಊರಿನ ಮಾತೇ ಬುಡಿ ಮೇಡಂ" ಅಂದ. ನನಗೆ ತಪ್ಪು ಅನಿಸಿತು. ಬರೆದವರನ್ನು ಹುಡುಕಿ ಕೇಳೋವರೆಗೆ ಮುಟ್ಟಬಾರದು ಅಂತ ಮೇಡಂ ತೀರ್ಪು. ಅದಿನ್ನೂ ಹಾಗೇ ಇದೆ.

ಫೋನ್ ಮಾಡಿದ್ದು ಒಂದು ಭಾನುವಾರ. ಅವರೀಗ ಪುಣೆಯಲ್ಲಿದ್ದಾರೆ.

"ಸರ್, ನಮಸ್ಕಾರ, ನಾನು ಕನ್ನಡ ಸಂಘದಿಂದ..."

"ಸರ್ ಗಿರ್ ಅನಬ್ಯಾಡ ತಂಗಿ. ಅಣ್ಣಾ ಅನ್ನು, ಸಾಕು."

ಕ್ಷಮೆ ಕೇಳಿದೆ. ಆಗಿದ್ದನ್ನೆಲ್ಲ ಹೇಳಿದೆ. ಏಜೆಂಟ್, ಬ್ಯಾಚ್ ಎಡಿಟ್, ಎಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಕೆಲಸವೇ ಅದು. ಗಮನೆಸಿ ಕಥೆಗೆ ಜೋರಾಗಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಅವ್ವ ಹ್ವಾದ ವರ್ಷ ತೀರ್ಕೊಂಡ್ಲು. ಆಕಿ ಮಾತು ಎಲ್ಲೂ ರೆಕಾರ್ಡ್ ಮಾಡಿಲ್ಲ ನಾ. ನನ್ನ ಮಗಳಿಗಿ ಓದಿ ಹೇಳ್ಬೇಕಂತ ಹುಡುಕಿದ್ನಿ. ಓದಾಕ ಹತ್ತಿದ್ರ ಯಾರೋ ಬ್ಯಾರೆ ಹೆಣಮಗಳು ಮಾತಾಡಾಕತ್ತಾಳ."

ನನ್ನ ಹತ್ತಿರ ಹೇಳೋಕೆ ಏನೂ ಇರಲಿಲ್ಲ. ಅಚ್ಚಿನ ಪ್ರತಿ ಇದೆ ಅಣ್ಣಾ, ಅದರಿಂದ ಮತ್ತೆ ಟೈಪ್ ಮಾಡ್ತೀನಿ, ಆದರೆ ಬೈಂಡಿಂಗ್‌ನಲ್ಲಿ ಒಳಅಂಚಿನ ಅಕ್ಷರಗಳು ಸಿಕ್ಕಿಹಾಕಿಕೊಂಡಿವೆ, ಒಂದಿಪ್ಪತ್ತು ಸಾಲಿನಲ್ಲಿ ಕೊನೆಯ ಪದ ಕಾಣಲ್ಲ ಅಂದೆ. ಮಕ್ಕಳು ಮೊದಲ ಸಲ ಅವನ್ನು ಅಂದಾಜಿನ ಮೇಲೆ ತುಂಬಿದ್ದರು, ಅದೂ ಆಗ ತಿಳಿದದ್ದು.

"ನೀ ಸಾಲು ಓದು, ನಾ ಹೇಳ್ತೀನಿ. ಬರ್ಕೋ."

ಒಂದು ಗಂಟೆ ನಲವತ್ತು ನಿಮಿಷ. ನಾನು ಓದೋದು, ಅವರು ತಡೆಯೋದು. "ಹಣ ಅನ್ನೋ ಶಬ್ದ ಅವ್ವ ಜಲ್ಮದಾಗ ಒಮ್ಮಿನೂ ಅಂದಿಲ್ಲ. ರೊಕ್ಕಾ. ದೀರ್ಘ ಎಳಿ, ಇಲ್ಲಂದ್ರ ಆಕಿ ಅಲ್ಲ ಅದು." ಒಂದು ಕಡೆ ಅಚ್ಚಿನಲ್ಲೇ "ಬೇಡ" ಅಂತ ಇತ್ತು. ಬ್ಯಾಡ ಅಲ್ವಾ ಅಣ್ಣಾ, ತಿದ್ದಲಾ ಅಂದೆ, ಜಾಣೆಯ ಹಾಗೆ. "ಬ್ಯಾಡ... ಅಂದ್ರ, ತಿದ್ದಬ್ಯಾಡ. ಪೋಸ್ಟ್‌ಮಾಸ್ಟರ್ ಮುಂದ ಆಕಿ ಒಮ್ಮೊಮ್ಮೆ ಸಾಲಿ ಕಲ್ತವ್ರ ಗತೆ ಮಾತಾಡಾಕ ನೋಡ್ತಿದ್ಲು. ಅದು ಇರ್ಲಿ." ಈ ಒಂದು "ಬೇಡ"ವನ್ನು ಯಾವ ಪಟ್ಟಿಯಲ್ಲಿ ಹೇಗೆ ಹಾಕೋದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಉತ್ತರದ ಪದಗಳನ್ನೆಲ್ಲ ಕಾಪಾಡು ಅಂತ ಸೂಚನೆ ಬರೆದರೂ ಅದು ತಪ್ಪಿಹೋಗುತ್ತಿತ್ತು.

ಎಡೆಕುಂಟೆಯನ್ನು ಬಿಸಾಡಿಲ್ಲ. ಅದನ್ನು ಸರಿಮಾಡುವಾಗ ಇನ್ನೊಂದು ಪಾಠ ಆಯ್ತು, ಕೋಡ್ ಬರೆಯುವವರಿಗೆ ಉಪಯೋಗಕ್ಕೆ ಬರಬಹುದು. ಪೂರ್ತಿ ಪದ ಇದ್ದರೆ ಮಾತ್ರ ಬದಲಿಸಲಿ ಅಂತ ಹುಡುಗ ಪೈಥಾನ್‌ನ ಬ್ಯಾಕ್‌ಸ್ಲ್ಯಾಶ್ ಬಿ, ಅಂದರೆ ಪದದ ಗಡಿಯ ಗುರುತು, ಎರಡೂ ಕಡೆ ಹಾಕಿದ. ಪರೀಕ್ಷೆ ಮಾಡಿದರೆ ತಲೆಕೆಳಗು! ಬಿಡಿಯಾಗಿ ನಿಂತ "ಮನಿ" ಸಿಗಲೇ ಇಲ್ಲ, "ಮನಿಆರ್ಡರ್" ಒಳಗಿನದು ಸಿಕ್ಕಿತು. ಪೈಥಾನ್‌ನ ಮಾಮೂಲಿ ರೆಜೆಕ್ಸ್ ನಮ್ಮ ಗುಡಿಸು, ಕೊಂಬುಗಳನ್ನು ಅಕ್ಷರ ಅಂತ ಎಣಿಸೋದೇ ಇಲ್ಲ. ಮನಿಯ ಕೊನೆಯ ಗುಡಿಸು ಅದರ ಕಣ್ಣಿಗೆ ವಿರಾಮಚಿಹ್ನೆ ಇದ್ದ ಹಾಗೆ. ಅದರ ಮುಂದೆ ಖಾಲಿ ಜಾಗ ಬಂದರೆ ಗಡಿ ಇಲ್ಲ, ಮುಂದೆ "ಆ" ಬಂದರೆ ಗಡಿ. ಕೊನೆಗೆ ಅಕ್ಕಪಕ್ಕದ ಸಂಕೇತ ಯುನಿಕೋಡ್‌ನ ಕನ್ನಡ ವಿಭಾಗದ್ದೋ ಅಲ್ಲವೋ ಅಂತ ನಾವೇ ನೋಡುವ ಹಾಗೆ ಬರೆದೆವು. ಕಾಣದ ಆ ಅಕ್ಷರವನ್ನೂ ಸೇರಿಸಿ.

ಈಗ ಸೊನ್ನೆ, ಓಕಾರ ಇಂಥವಕ್ಕೆ ಮಾತ್ರ ಎಲ್ಲ ಕಡೆ ಒಟ್ಟಿಗೆ ಹೊಡೆಯೋದು. ಪದಗಳ ವಿಷಯದಲ್ಲಿ ಏಜೆಂಟ್ ಅನುಮಾನ ಇರೋದನ್ನು ಬರೆದು ಮಾತ್ರ ಕೊಡುತ್ತೆ, ಲೇಖಕರ ಹೆಸರಿನ ಪ್ರಕಾರ. ಪ್ರತಿ ಸುತ್ತಿಗೂ ಬೇರೆ ಕಮಿಟ್. ಪಟ್ಟಿಯನ್ನು ಇಬ್ಬರು ಓದಬೇಕು, ಒಬ್ಬರು ಕಡ್ಡಾಯವಾಗಿ ಬೇರೆ ಕಡೆಯವರು. ನನ್ನ ಗದಗಿನ ರೂಮ್‌ಮೇಟ್ ಈಗ ಮಂಡಳಿಯಲ್ಲಿದ್ದಾಳೆ. ಮೊದಲ ದಿನವೇ ನನ್ನ ಲೇಖನ ತೆಗೆದು "ಇದೇನು ಹೋಗ್ಬಿಟ್ಟ, ಬಂದ್ಬಿಟ್ಟ, ಎಲ್ಲಾ ಬಿಟ್ ಬಿಟ್ ಬರ್ದೀಯಲ್ಲ" ಅಂತ ಕೆಂಪು ಗೆರೆ ಎಳೆದಳು. ಕೆಲಸ ನಿಧಾನ ಆಗಿದೆ. 312ರಲ್ಲಿ 118 ಆಗಿವೆ.

"ಮನಿಆರ್ಡರ್" ಮತ್ತೆ ಆನ್‌ಲೈನ್ ಇದೆ, ಓದಿ. ಅದರಲ್ಲಿ ಒಂದು ಪದ ಮಾತ್ರ ಬಾಕಿ. ಫಾರಂನ ಕೆಳಗಿನ ಆ ಹರಿಯೋ ತುಂಡಿಗೆ ಅವ್ವ ತಮ್ಮದೇ ಒಂದು ಹೆಸರಿಟ್ಟಿದ್ದರಂತೆ. ಅಚ್ಚಿನಲ್ಲಿ "ಬಾ" ಕಾಣುತ್ತೆ, ಮಿಕ್ಕದ್ದು ಬೈಂಡಿಂಗ್ ಒಳಗೆ. ಬಾಲವಾ ಅಣ್ಣಾ ಅಂದೆ. ಅಲ್ಲ ಅಂದರು. ಬಾಲಂಗೋಚಿ? ಅದೂ ಅಲ್ಲ. ತುಂಬಾ ಹೊತ್ತು ಯೋಚಿಸಿದರು, ನೆನಪಾಗಲಿಲ್ಲ. ಏಜೆಂಟ್‌ನ ಕೇಳಿದಾಗ ಒಂದು ನಿಮಿಷದಲ್ಲಿ ಎಂಟು ಪದ ಕೊಟ್ಟಿತು, ಎಲ್ಲವೂ ಅಲ್ಲಿ ಕೂರುತ್ತವೆ. ಯಾವುದನ್ನೂ ಹಾಕಲಿಲ್ಲ. ಅವರ ಅಕ್ಕ ದೀಪಾವಳಿಗೆ ಪುಣೆಗೆ ಬರ್ತಾರಂತೆ, ಆಕಿಗೆ ನೆನಪಿರ್ತದ, ಕೇಳಿ ಹೇಳ್ತೀನಿ ಅಂದಿದ್ದಾರೆ. ಅಲ್ಲಿಯವರೆಗೆ ಆ ಜಾಗದಲ್ಲಿ "ಬಾ" ಅಂತಷ್ಟೇ ಇದೆ, ಮುಂದೆ ಮೂರು ಚುಕ್ಕಿ.